ದಲ್ಲಾಳಿಯ ರಾಜಕೀಯ ಮತ್ತು ಮನೆ ಕೊಳ್ಳುವವರ ಎಚ್ಚರ

ಕೋಲ್ಕತ್ತದ ಟಾಲಿಗಂಜ್‌ನಲ್ಲಿ ಫ್ಲ್ಯಾಟ್ ನೋಡಲು ಹೊರಟವರಿಗೆ ಮನೆಗಿಂತ ಮೊದಲು ಸಿಗುವುದು ದಲ್ಲಾಳಿಯ ರಾಜಕೀಯ ಅಭಿಪ್ರಾಯ. ಕೊಳ್ಳಲು ಬಂದವರಿಗೆ ಆತ ಹೇಳುವುದು, "ದಾದಾ, ಈಗಲೇ ಬುಕ್ ಮಾಡಿ, ಚುನಾವಣೆ ಮುಗಿದರೆ ರೇಟು ಏರುತ್ತದೆ" ಎಂದು. ಅದೇ ಬೀದಿಯಲ್ಲಿ ಮನೆ ಮಾರಲು ಬಂದವರಿಗೆ ಹೇಳುವುದು, "ಚುನಾವಣೆ ಹತ್ತಿರ ಬಂತು, ಬಂದ ಬೆಲೆಗೆ ಕೊಟ್ಟುಬಿಡಿ, ಆಮೇಲೆ ಗಿರಾಕಿ ಇರುವುದಿಲ್ಲ" ಎಂದು. ಚುನಾವಣೆ ಒಂದೇ, ಭವಿಷ್ಯವಾಣಿ ಎರಡು. ಕಮಿಷನ್ ಮಾತ್ರ ಎರಡೂ ಕಡೆಯಿಂದ!

ಹಾಗೆಂದು ದಲ್ಲಾಳಿಯನ್ನು ದೂರಿ ಪ್ರಯೋಜನವಿಲ್ಲ. ಅವನಿಗೆ ಗಲ್ಲಿ ಗೊತ್ತು, ಮನೆಯ ಮಾಲೀಕ ಗೊತ್ತು, ಯಾವ ಮನೆ ಖಾಲಿ ಎಂಬುದೂ ಗೊತ್ತು. ಅವನ ದೂರುಗಳಲ್ಲಿ ಸತ್ಯವೂ ಇದೆ. ಸ್ಟ್ಯಾಂಪ್ ಡ್ಯೂಟಿ ಜಾಸ್ತಿ, ಇಟ್ಟಿಗೆ-ಮರಳು ಪೂರೈಕೆಯಲ್ಲಿ ಸ್ಥಳೀಯ 'ಸಿಂಡಿಕೇಟ್'ಗಳ ಕಾಟ, ದೊಡ್ಡ ಜಾಗ ಸಿಗುವುದಿಲ್ಲ ಎಂಬ ಮಾತುಗಳು ಬರೀ ಕಟ್ಟುಕಥೆಯಲ್ಲ. ಆದರೆ ಪಕ್ಷ ನೋಡಿ ಮನೆ ಕೊಳ್ಳಿ ಎಂಬ ಸಲಹೆ ಮಾತ್ರ ಸರಿಯಲ್ಲ. ಜೀವಮಾನದ ಉಳಿತಾಯ ಹಾಕುವವರು ನೋಡಬೇಕಾದದ್ದು ಧ್ವಜವನ್ನಲ್ಲ, ದಸ್ತಾವೇಜನ್ನು.

ಟಾಲಿಗಂಜ್ ನೆಲಕ್ಕೂ ಕನ್ನಡನಾಡಿಗೂ ಎರಡು ಶತಮಾನಗಳ ನಂಟಿದೆ ಎಂಬುದು ಅನೇಕರಿಗೆ ತಿಳಿಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮಕ್ಕಳನ್ನು ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರ ವೆಲ್ಲೂರು ದಂಗೆಯ ಬಳಿಕ ಆ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಿದರು. ಅವರು ನೆಲೆಸಿದ್ದು ಟಾಲಿಗಂಜ್‌ನ ರಸಾಪಾಗ್ಲಾ ಪ್ರದೇಶದಲ್ಲಿ. ಪ್ರಿನ್ಸ್ ಅನ್ವರ್ ಶಾ ರಸ್ತೆ, ಪ್ರಿನ್ಸ್ ಗುಲಾಮ್ ಮೊಹಮ್ಮದ್ ಶಾ ರಸ್ತೆ ಎಂಬ ಹೆಸರುಗಳು ಆ ಮನೆತನದವು. 1895ರಲ್ಲಿ ಆರಂಭವಾದ ಟಾಲಿಗಂಜ್ ಕ್ಲಬ್ ಕೂಡ ಹಿಂದೆ ಮೈಸೂರು ರಾಜಕುಮಾರರ ಕೈಯಲ್ಲಿದ್ದ ನೆಲದ ಮೇಲೆಯೇ ಬಂದದ್ದು.

ಇದೇ ಅನ್ವರ್ ಶಾ ರಸ್ತೆಯಲ್ಲಿ ಮುಂದೆ ಫ್ಯಾನ್ ಮತ್ತು ಹೊಲಿಗೆ ಯಂತ್ರಕ್ಕೆ ಹೆಸರಾದ ಉಷಾ ಕಾರ್ಖಾನೆ ಬಂತು. ಕಾರ್ಖಾನೆ ಹೋಗಿ ಅಲ್ಲಿ ಸೌತ್ ಸಿಟಿಯ 35 ಅಂತಸ್ತಿನ ಗೋಪುರಗಳು ಎದ್ದವು. ಪಕ್ಕದ ಸೌತ್ ಸಿಟಿ ಮಾಲ್ ಬಾಗಿಲು ತೆರೆದದ್ದು 2008ರ ಜನವರಿಯಲ್ಲಿ. 2025ರಲ್ಲಿ ಆ ಮಾಲ್ ಸುಮಾರು 3,250 ಕೋಟಿ ರೂಪಾಯಿಗೆ ಅಮೆರಿಕದ ಬ್ಲ್ಯಾಕ್‌ಸ್ಟೋನ್ ಕಂಪನಿಯ ಪಾಲಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪಶ್ಚಿಮ ಬಂಗಾಳದಲ್ಲಿ 1977ರಿಂದ 2011ರವರೆಗೆ 34 ವರ್ಷ ಎಡರಂಗದ ಸರ್ಕಾರವಿತ್ತು. ಟಾಲಿಗಂಜ್‌ಗೆ ಮೆಟ್ರೋ ಬಂದದ್ದು 1986ರಲ್ಲಿ, ಶ್ರೀಮಂತರ ಗೋಪುರಗಳು ಎದ್ದದ್ದು ಅದೇ ಕೆಂಪು ಬಾವುಟದ ಕಾಲದಲ್ಲಿ. ಮಾಲ್ ಕೈ ಬದಲಾದದ್ದು ತೃಣಮೂಲ ಕಾಂಗ್ರೆಸ್ ಆಳ್ವಿಕೆಯಲ್ಲಿ. ಕೆಂಪು ಇದ್ದರೆ ಲಕ್ಷುರಿ ಮನೆ ಮಾರಾಟವಾಗದು, ಹಸಿರು ಬಂದರೆ ಆದೀತು ಎಂಬ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ. ಇನ್ನು ನಾಯಕರನ್ನು ನಂಬೋಣವೇ? 2021ರ ವಿಧಾನಸಭಾ ಚುನಾವಣೆಯಲ್ಲಿ ಟಾಲಿಗಂಜ್ ಕ್ಷೇತ್ರದಲ್ಲಿ ತೃಣಮೂಲದ ಅರೂಪ್ ಬಿಸ್ವಾಸ್ ವಿರುದ್ಧ ಬಿಜೆಪಿಯಿಂದ ನಿಂತು ಸೋತವರು ಬಾಬುಲ್ ಸುಪ್ರಿಯೋ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ತೃಣಮೂಲವನ್ನೇ ಸೇರಿದರು. ರಾಜಕಾರಣಿಗಳು ಐದೇ ತಿಂಗಳಲ್ಲಿ ಮನೆ ಬದಲಿಸಬಹುದು. ಇಪ್ಪತ್ತು ವರ್ಷದ ಸಾಲ ಮಾಡಿದವನಿಗೆ ಆ ಅನುಕೂಲ ಇಲ್ಲ.

ಮಾರಾಟದ ಮೇಲೆ ನಿಜವಾಗಿ ಪರಿಣಾಮ ಬೀರಿದ್ದು ನಿಯಮಗಳು. 1976ರ ನಗರ ಭೂಮಿತಿ ಕಾಯ್ದೆ ಕೋಲ್ಕತ್ತದಂಥ ಮಹಾನಗರದಲ್ಲಿ ಖಾಲಿ ಜಾಗಕ್ಕೆ 500 ಚದರ ಮೀಟರ್ ಮಿತಿ ಹಾಕಿತು. ಕೇಂದ್ರ ಸರ್ಕಾರ 1999ರಲ್ಲಿ ಅದನ್ನು ರದ್ದು ಮಾಡಿದಾಗ ಕರ್ನಾಟಕ ಒಪ್ಪಿಕೊಂಡಿತು, ಮಹಾರಾಷ್ಟ್ರ 2007ರಲ್ಲಿ ಒಪ್ಪಿತು, ಪಶ್ಚಿಮ ಬಂಗಾಳ ಒಪ್ಪಲಿಲ್ಲ. ದೊಡ್ಡ ಜಾಗದ ಅಭಾವದ ಬಗ್ಗೆ ದಲ್ಲಾಳಿ ಗೊಣಗುವುದರಲ್ಲಿ ಅರ್ಥವಿದೆ. ಮುಚ್ಚಿದ ಕಾರ್ಖಾನೆಯ ನೆಲಕ್ಕೆ ಅಷ್ಟು ಬೆಲೆ ಬರಲು ಇದೂ ಒಂದು ಕಾರಣ.

ಸ್ಟ್ಯಾಂಪ್ ಡ್ಯೂಟಿಯ ವಿಷಯದಲ್ಲೂ ಹೀಗೆಯೇ. 2021ರ ಜುಲೈನಲ್ಲಿ ಬಂಗಾಳ ಸರ್ಕಾರ ಶೇ. 2ರಷ್ಟು ರಿಯಾಯಿತಿ ಕೊಟ್ಟಿತು, ಸರ್ಕಾರಿ ದರವನ್ನೂ ಶೇ. 10ರಷ್ಟು ಇಳಿಸಿತು. ಮತ್ತೆ ಮತ್ತೆ ವಿಸ್ತರಿಸಿದ ಈ ಸವಲತ್ತು 2024ರ ಜೂನ್ 30ಕ್ಕೆ ಕೊನೆಗೊಂಡಿತು. ಮಹಾರಾಷ್ಟ್ರದಲ್ಲಿ 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಶೇ. 5ರ ಡ್ಯೂಟಿಯನ್ನು ಶೇ. 2ಕ್ಕೆ ಇಳಿಸಿದಾಗ ಮುಂಬಯಿಯ ನೋಂದಣಿ ಕಚೇರಿಗಳಲ್ಲಿ ನೂಕುನುಗ್ಗಲಾದದ್ದು ಅಲ್ಲಿಯವರಿಗೆ ನೆನಪಿರಬಹುದು. ರಿಯಾಯಿತಿಯಿಂದ ಮಾರಾಟ ಚುರುಕಾಗುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ಉದಾಹರಣೆಗೆ ಚದರಡಿಗೆ 8,000 ರೂಪಾಯಿಯಂತೆ 1,500 ಚದರಡಿಯ ಫ್ಲ್ಯಾಟ್ ಎಂದರೆ 1 ಕೋಟಿ 20 ಲಕ್ಷ. ಶೇ. 2ರ ರಿಯಾಯಿತಿ ಹೋದರೆ ನಷ್ಟ 2 ಲಕ್ಷ 40 ಸಾವಿರ. ಬಿಲ್ಡರ್ ಚದರಡಿಗೆ ಬರೀ 200 ರೂಪಾಯಿ ಏರಿಸಿದರೆ ನಷ್ಟ 3 ಲಕ್ಷ. ಮೊದಲನೆಯದಕ್ಕೆ ದಲ್ಲಾಳಿ ಸರ್ಕಾರವನ್ನು ಬೈಯುತ್ತಾನೆ. ಎರಡನೆಯದಕ್ಕೆ 'ಮಾರ್ಕೆಟ್' ಎನ್ನುತ್ತಾನೆ. ಇನ್ನು ಆ 1,500 ಚದರಡಿಯಲ್ಲಿ ಮೆಟ್ಟಿಲು, ಲಿಫ್ಟು, ಗೋಡೆ ಎಲ್ಲವೂ ಸೇರಿರುತ್ತವೆ. ಚಾಪೆ ಹಾಸುವ ಜಾಗ ಎಷ್ಟೆಂದು ಕೇಳಿದಾಗ ಮಾತ್ರ ನಿಜವಾದ ಬೆಲೆ ತಿಳಿಯುತ್ತದೆ.

ಈ ಪ್ರಶ್ನೆ ಕೇಳುವ ಹಕ್ಕನ್ನು ಕೊಟ್ಟದ್ದು 2016ರ ರೇರಾ ಕಾಯ್ದೆ. 'ಲಕ್ಷುರಿ' ಎಂಬ ಪದಕ್ಕೆ ಅದರಲ್ಲಿ ವ್ಯಾಖ್ಯೆಯಿಲ್ಲ, 'ಕಾರ್ಪೆಟ್ ಏರಿಯಾ'ಕ್ಕೆ ಇದೆ. ನೋಂದಾಯಿತ ಒಪ್ಪಂದಕ್ಕೆ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಗ್ರಾಹಕರ ಹಣದ ಶೇ. 70ನ್ನು ಆ ಯೋಜನೆಯದೇ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಬೇಕು. ಅಷ್ಟೇ ಅಲ್ಲ, ರೇರಾ ವ್ಯಾಪ್ತಿಯ ಯೋಜನೆಗಳಲ್ಲಿ ಮನೆ ಮಾರಿಸುವ ದಲ್ಲಾಳಿಯೂ ನೋಂದಣಿ ಮಾಡಿಸಿಕೊಂಡಿರಬೇಕು. ರಾಜಕೀಯ ಹೇಳುವ ದಲ್ಲಾಳಿಗೆ ಮೊದಲು ಕೇಳಬೇಕಾದ ಪ್ರಶ್ನೆ, "ದಾದಾ, ನಿಮ್ಮ ರೇರಾ ನಂಬರ್ ಎಷ್ಟು?"

ಬಂಗಾಳದಲ್ಲಿ ಈ ರಕ್ಷಣೆ ಸುಲಭವಾಗಿ ಬರಲಿಲ್ಲ. ರಾಜ್ಯ ಸರ್ಕಾರ 2017ರಲ್ಲಿ 'ಹೀರಾ' ಎಂಬ ಬೇರೆಯೇ ಕಾಯ್ದೆ ಮಾಡಿತು. ಮನೆ ಕೊಂಡವರ ಒಂದು ವೇದಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಮೇ 4ರಂದು ನ್ಯಾಯಾಲಯ ಅದನ್ನು ಅಸಾಂವಿಧಾನಿಕ ಎಂದು ತೀರ್ಪಿತ್ತಿತು. ಯಾವ ಪಕ್ಷವೂ ಕೊಡದ್ದನ್ನು ಸಾಮಾನ್ಯ ಗ್ರಾಹಕರು ಒಗ್ಗಟ್ಟಿನಿಂದ ಪಡೆದರು. ಸಂಘ ಕಟ್ಟಿ ಬಾಳುವ ಹೊರನಾಡ ಕನ್ನಡಿಗರಿಗೆ ಇದರಲ್ಲಿ ದೊಡ್ಡ ಪಾಠವಿದೆ.

ಕಾಗದಪತ್ರಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಟಾಲಿಗಂಜ್ ಸುತ್ತಮುತ್ತ ವಿಜಯಗಢ, ಆಜಾದ್‌ಗಢ, ನೇತಾಜಿನಗರದಂಥ ಕಾಲೊನಿಗಳಿವೆ. ದೇಶ ವಿಭಜನೆಯ ಬಳಿಕ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ತಾವೇ ಜಾಗ ಹಿಡಿದು ಕಟ್ಟಿಕೊಂಡ ಬಡಾವಣೆಗಳವು. ಹಕ್ಕುಪತ್ರಕ್ಕಾಗಿ ಅವರು ದಶಕಗಟ್ಟಲೆ ಹೋರಾಡಿದರು. ಇಂಥ ಕಡೆ ಹಳೆ ಮನೆ ಕೆಡವಿ ಫ್ಲ್ಯಾಟ್ ಕಟ್ಟಿದಾಗ ಮೂಲಪತ್ರ ಯಾರ ಹೆಸರಿನಲ್ಲಿದೆ, ಅದರ ಷರತ್ತುಗಳೇನು, ವಾರಸುದಾರರೆಲ್ಲ ಸಹಿ ಹಾಕಿದ್ದಾರೆಯೇ ಎಂಬುದನ್ನು ವಕೀಲರಿಂದ ಓದಿಸಲೇಬೇಕು. ಸಣ್ಣ ನಿವೇಶನದ ಕೆಲವು ಕಟ್ಟಡಗಳು ರೇರಾ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಪಾಲಿಕೆಯ ಮಂಜೂರಾದ ನಕ್ಷೆ ಮತ್ತು ಕಂಪ್ಲೀಷನ್ ಸರ್ಟಿಫಿಕೇಟ್ ಇನ್ನಷ್ಟು ಮುಖ್ಯ.

ಕಾಗದ ನೋಡದಿದ್ದರೆ ಏನಾದೀತು? 2024ರ ಮಾರ್ಚ್‌ನಲ್ಲಿ ಗಾರ್ಡನ್‌ರೀಚ್‌ನಲ್ಲಿ ಅಕ್ರಮವಾಗಿ ಏಳುತ್ತಿದ್ದ ಐದಂತಸ್ತಿನ ಕಟ್ಟಡ ಕುಸಿದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2025ರ ಜನವರಿಯಲ್ಲಿ ದಕ್ಷಿಣ ಕೋಲ್ಕತ್ತದ ಬಾಘಾಜತೀನ್‌ನಲ್ಲಿ ಜನವಸತಿಯ ನಾಲ್ಕಂತಸ್ತಿನ ಫ್ಲ್ಯಾಟ್ ಕಟ್ಟಡವೇ ವಾಲಿಕೊಂಡಿತು. ದುರಸ್ತಿಗೆಂದು ನಿವಾಸಿಗಳು ಮೊದಲೇ ತೆರವು ಮಾಡಿದ್ದರಿಂದ ಜೀವ ಉಳಿಯಿತು, ಮನೆ ಉಳಿಯಲಿಲ್ಲ. ಸಾಲದ ಕಂತು ಕಟ್ಟಡದ ಜೊತೆ ಕುಸಿಯುವುದಿಲ್ಲ, ಅದು ತಿಂಗಳು ತಿಂಗಳು ನೆಟ್ಟಗೆ ನಿಂತಿರುತ್ತದೆ.

ದಲ್ಲಾಳಿಯ ರಾಜಕೀಯದಲ್ಲಿ ಎಂದೂ ಕೇಳಿಬರದ ಒಂದು ಬೇಡಿಕೆಯೂ ಇದೆ. ಅದು ಸಣ್ಣ ಮನೆಯದು. 2019ರ ಏಪ್ರಿಲ್‌ನಲ್ಲಿ ಕಟ್ಟುತ್ತಿರುವ ಮನೆಗಳ ಮೇಲಿನ ಜಿಎಸ್‌ಟಿಯನ್ನು ನಿಗದಿ ಮಾಡಿದಾಗ ಮಹಾನಗರಗಳಲ್ಲಿ 60 ಚದರ ಮೀಟರ್ ಮತ್ತು 45 ಲಕ್ಷ ರೂಪಾಯಿಯೊಳಗಿನ ಮನೆಗೆ ಶೇ. 1, ಉಳಿದವಕ್ಕೆ ಶೇ. 5 ಎಂದಾಯಿತು. ಆ ಬಳಿಕ ಸಿಮೆಂಟು, ಕಬ್ಬಿಣ, ನೆಲ ಎಲ್ಲದರ ಬೆಲೆ ಏರಿತು. 45 ಲಕ್ಷದ ಮಿತಿಯೊಳಗೆ ಮೆಟ್ರೋ ಪಕ್ಕ ಮನೆ ಹುಡುಕಿದರೆ ದಲ್ಲಾಳಿ ನಗುತ್ತಾನೆ. ಕೋಟಿಯ ಮನೆಯಲ್ಲಿ ಕಮಿಷನ್ ದೊಡ್ಡದು, ಅದಕ್ಕೇ ಅವನ ಕಣ್ಣು ಅತ್ತ. ಬ್ಯಾಂಕು, ರೈಲ್ವೆ, ಕೇಂದ್ರ ಕಚೇರಿಗಳ ವರ್ಗಾವಣೆಯ ಮೇಲೆ ಬಂದು, ಮಕ್ಕಳ ಓದಿಗಾಗಿ ಅಲ್ಲೇ ಉಳಿಯುವ ಕುಟುಂಬಕ್ಕೆ ಬೇಕಾದದ್ದು ಈಜುಕೊಳವಲ್ಲ, ಎರಡು ಕೋಣೆ ಮತ್ತು ನೆಮ್ಮದಿ. ಮತ ಕೇಳಲು ಬರುವ ಎಲ್ಲ ಪಕ್ಷದವರಿಗೂ ಕೇಳಬೇಕಾದದ್ದು ಈ ಮಾತನ್ನು.

ಕನ್ನಡ ಸಂಘಗಳು ರಾಜ್ಯೋತ್ಸವ, ಯಕ್ಷಗಾನ, ದಾಸೋತ್ಸವಗಳನ್ನು ಚೆನ್ನಾಗಿ ನಡೆಸುತ್ತಿವೆ. ಅದರ ಜೊತೆಗೆ ವರ್ಷಕ್ಕೆ ಒಂದು ಭಾನುವಾರವನ್ನು ಮನೆ ವ್ಯವಹಾರಕ್ಕೆ ಮೀಸಲಿಡಬಾರದೇ? ಸದಸ್ಯರಲ್ಲೇ ವಕೀಲರಿದ್ದಾರೆ, ಇಂಜಿನಿಯರರಿದ್ದಾರೆ, ಸಾಲಪತ್ರ ಓದಿ ಓದಿ ಕನ್ನಡಕ ಹಾಕಿಕೊಂಡ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ. ಮುಂಗಡ ಕೊಡುವ ಮೊದಲು ಮೂಲಪತ್ರ, ನಕ್ಷೆ, ರೇರಾ ನೋಂದಣಿ, ಕಾರ್ಪೆಟ್ ಏರಿಯಾ ಈ ನಾಲ್ಕನ್ನು ನೋಡಿ ಹೇಳುವ ಒಂದು ಸಮಿತಿ ಇದ್ದರೆ ಎಷ್ಟೋ ಕುಟುಂಬಗಳ ಪಿಎಫ್, ಗ್ರಾಚ್ಯುಟಿ ಹಣ ಉಳಿದೀತು. ಇದಕ್ಕೆ ದೊಡ್ಡ ಖರ್ಚಿಲ್ಲ, ಒಂದು ಮೇಜು, ನಾಲ್ಕು ಕುರ್ಚಿ ಸಾಕು. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲೇ ಯಾರಾದರೂ ಈ ವಿಷಯ ಎತ್ತಲಿ.