ಕಬ್ಬಿನ ಗಾಡಿಯ ಹಿಂದಿನ ಕತ್ತಲೆ

ದೀಪಾವಳಿಯ ಆಸುಪಾಸಿನಲ್ಲಿ ನಮ್ಮ ಸೀಮೆಯ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ಹೊಗೆಯಾಡತೊಡಗುತ್ತವೆ. ಬೀಡ ಜಿಲ್ಲೆಯ ಕಡೆಯಿಂದ ಬಂದ ಕಬ್ಬು ಕಡಿಯುವ ತಂಡಗಳು ಊರ ಹೊರಗೆ ಗುಡಿಸಲು ಹೂಡುತ್ತವೆ. ಅಂದಿನಿಂದ ಹೋಳಿಹುಣ್ಣಿಮೆಯ ವರೆಗೆ, ಕೆಲವು ವರ್ಷ ಯುಗಾದಿಯ ವರೆಗೂ, ಜೋಡಿ ಟ್ರೇಲರುಗಳನ್ನು ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳೇ ಹಗಲಿರುಳೂ ರಸ್ತೆಯ ಒಡೆಯರಾಗುತ್ತವೆ. ಬಿಳಿಜೋಳಕ್ಕೆ ಹೆಸರಾದ ಈ ನಾಡಿಗೆ ಕಬ್ಬು ಈ ಪ್ರಮಾಣದಲ್ಲಿ ಬಂದುದು ಭೀಮಾ ನದಿಗೆ ಉಜನಿಯಲ್ಲಿ ಕಟ್ಟಿದ ಆಣೆಕಟ್ಟು ೧೯೮೦ರಲ್ಲಿ ಪೂರ್ಣಗೊಂಡ ಮೇಲೆ. ಇಂದು ಸಕ್ಕರೆ ಕಾರ್ಖಾನೆಗಳ ಸಂಖ್ಯೆಯಲ್ಲಿ ಸೋಲಾಪುರ ಜಿಲ್ಲೆಯು ಮಹಾರಾಷ್ಟ್ರದಲ್ಲೇ ಮುಂಚೂಣಿಯಲ್ಲಿದೆ. ಕಬ್ಬು ಬಂದಿತು, ಹಣವೂ ಬಂದಿತು. ಅದನ್ನು ಹೊತ್ತ ಗಾಡಿಯೊಡನೆ ದಾರಿಯನ್ನು ಹಂಚಿಕೊಂಡು ನಡೆಯುವ ವಿವೇಕ ಮಾತ್ರ ಅದೇ ವೇಗದಲ್ಲಿ ಬರಲಿಲ್ಲ.

ಮೊದಲು ಆ ವಾಹನದ ಗುಣವನ್ನು ಅರಿಯೋಣ. ಟ್ರ್ಯಾಕ್ಟರು ಹುಟ್ಟಿದುದು ಹೊಲವನ್ನು ಉಳುವುದಕ್ಕಾಗಿ. ಅದಕ್ಕೆ ಎರಡು ಟ್ರೇಲರು ಕಟ್ಟಿ, ಹದಿನೈದು ಟನ್ನಿಗೂ ಮೇಲ್ಪಟ್ಟು ಕಬ್ಬು ಹೇರಿದಾಗ ಅದು ಗಂಟೆಗೆ ಹದಿನೆಂಟು ಇಪ್ಪತ್ತು ಕಿಲೋಮೀಟರಿಗಿಂತ ಬೇಗ ಹೋಗದಿದ್ದರೆ ಆಶ್ಚರ್ಯವಿಲ್ಲ. ಬ್ರೇಕು ಹಿಡಿಯುವುದು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳನ್ನು; ಎಷ್ಟೋ ಟ್ರೇಲರುಗಳಿಗೆ ತಮ್ಮದೇ ಬ್ರೇಕು ಇರುವುದಿಲ್ಲ. ಆದ್ದರಿಂದ ಇಳಿಜಾರಿನಲ್ಲಿ ಹಿಂದಿನ ಭಾರವು ಮುಂದಿನದನ್ನು ನೂಕುತ್ತದೆ; ಏರಿನಲ್ಲಿ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುವುದೂ ಉಂಟು. ಹೇರಿದ ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುವುದರಿಂದ ಚಾಲಕನಿಗೆ ತನ್ನ ಬೆನ್ನ ಹಿಂದೆ ಯಾರಿರುವರೆಂದು ಕಾಣದು. ಜೋರಾಗಿ ಹಾಡು ಹಾಕಿಕೊಂಡಿದ್ದರೆ ಹಿಂದಿನವರ ಹಾರ್ನೂ ಕೇಳದು. ತಿರುವಿನಲ್ಲಿ ಟ್ರ್ಯಾಕ್ಟರು ಹೋದ ಜಾಡಿನಲ್ಲೇ ಹಿಂದಿನ ಟ್ರೇಲರು ಹೋಗುವುದಿಲ್ಲ. ಅದು ಒಳಮಗ್ಗುಲಿಗೆ ಸರಿದು ಬರುತ್ತದೆ. ತಿರುವಿನ ಒಳಬದಿಯಲ್ಲಿ ಸೈಕಲ್ಲು ಹಿಡಿದು ನಿಂತವನು ಟ್ರ್ಯಾಕ್ಟರು ದಾಟಿತೆಂದು ನಿಶ್ಚಿಂತನಾದರೆ ಎರಡನೆಯ ಟ್ರೇಲರಿಗೆ ಸಿಕ್ಕಿಬಿದ್ದಾನು.

ಇಂತಹ ವಾಹನ ನಿಧಾನವಾಗಿ ಹೋಗುವುದು ಅದರ ತಪ್ಪಲ್ಲ. ಅದು ವೇಗವಾಗಿ ಹೋದರೇ ನಾವು ಅಂಜಬೇಕು. ತಪ್ಪಿರುವುದು ಎರಡು ಕಡೆ: ಹಿಂದಿರುವವರ ಅವಸರದಲ್ಲಿ, ಮತ್ತು ಗಾಡಿಯ ಹಿಂದಿನ ಕತ್ತಲೆಯಲ್ಲಿ.

ಅವಸರದ ಲೆಕ್ಕವನ್ನು ಶಾಲೆಯ ಮಕ್ಕಳೂ ಮಾಡಬಲ್ಲರು. ಗಂಟೆಗೆ ೧೮ ಕಿಲೋಮೀಟರೆಂದರೆ ಸೆಕೆಂಡಿಗೆ ೫ ಮೀಟರು. ಗಾಡಿಯ ವೇಗ ಅಷ್ಟೆಂದು ಇಟ್ಟುಕೊಳ್ಳೋಣ. ಅದನ್ನು ಹಿಂದಿಕ್ಕಲು ಹೊರಟ ಬೈಕಿನ ವೇಗ ೫೪ ಕಿಲೋಮೀಟರು, ಅಂದರೆ ಸೆಕೆಂಡಿಗೆ ೧೫ ಮೀಟರು. ಪ್ರತಿ ಸೆಕೆಂಡಿಗೆ ಬೈಕು ಗಳಿಸುವುದು ೧೦ ಮೀಟರು. ಗಾಡಿಯ ಹಿಂದೆ ೧೫ ಮೀಟರು, ಜೋಡಿ ಟ್ರೇಲರಿನ ಗಾಡಿಯ ಉದ್ದ ಸುಮಾರು ೨೦ ಮೀಟರು, ದಾಟಿದ ಮೇಲೆ ಮುಂದೆ ೧೫ ಮೀಟರು, ಒಟ್ಟು ೫೦ ಮೀಟರು ಗಳಿಸಬೇಕಾದರೆ ೫ ಸೆಕೆಂಡು ಬೇಕು. ಅಷ್ಟರಲ್ಲಿ ಬೈಕು ರಸ್ತೆಯ ಬಲಭಾಗದಲ್ಲಿ ೭೫ ಮೀಟರು ಓಡಿರುತ್ತದೆ. ಎದುರಿನಿಂದ ೭೨ ಕಿಲೋಮೀಟರು ವೇಗದಲ್ಲಿ ಬರುವ ಜೀಪು ಅದೇ ಹೊತ್ತಿನಲ್ಲಿ ೧೦೦ ಮೀಟರು ಬಂದಿರುತ್ತದೆ. ಎಂದರೆ, ಎದುರು ರಸ್ತೆ ೧೭೫ ಮೀಟರಿನಷ್ಟು ಬರಿದಾಗಿ ಕಣ್ಣಿಗೆ ಕಂಡ ಹೊರತು ದಾಟಲು ಹೊರಡುವುದು ಸಲ್ಲದು. ತಿರುವಿನಲ್ಲಾಗಲಿ ಮುಂದಿನ ದಾರಿ ಕಾಣದ ಏರಿನಲ್ಲಾಗಲಿ ಹಿಂದಿಕ್ಕಕೂಡದೆಂದು ೨೦೧೭ರ ಮೋಟಾರು ವಾಹನ ಚಾಲನಾ ನಿಯಮಾವಳಿಯೂ ಹೇಳುತ್ತದೆ. ಐದು ಕಿಲೋಮೀಟರು ದೂರ ಗಾಡಿಯ ಹಿಂದೆಯೇ ಹೋದರೂ ನಾವು ಕಳೆದುಕೊಳ್ಳುವುದು ಹನ್ನೊಂದು ನಿಮಿಷ ಮಾತ್ರ. ಹನ್ನೊಂದು ನಿಮಿಷ ತಡವಾಗಿ ಮನೆ ಸೇರಿದವನನ್ನು ಯಾರೂ ದೂರಿದ ನೆನಪು ನಮಗಿಲ್ಲ.

ಕತ್ತಲೆಯ ಲೆಕ್ಕ ಇದಕ್ಕಿಂತ ಕಠಿಣ. ಒಂದು ಅಡಚಣೆಯನ್ನು ಕಂಡು, ಕೈಕಾಲುಗಳು ಬ್ರೇಕಿನ ಮೇಲೆ ಬೀಳಲು ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. ೫೪ ಕಿಲೋಮೀಟರು ವೇಗದಲ್ಲಿ ಅಷ್ಟರೊಳಗೇ ೨೨ ಮೀಟರು ಕಳೆದಿರುತ್ತದೆ. ಬ್ರೇಕು ಹಿಡಿದ ಮೇಲೆ ನಿಲ್ಲಲು ಮತ್ತೆ ಸುಮಾರು ಅಷ್ಟೇ ಬೇಕು. ಒಟ್ಟು ೪೫ ಮೀಟರು. ವೇಗ ೭೨ ಆದರೆ ಈ ದೂರ ೭೦ ಮೀಟರಾಗುತ್ತದೆ. ಎದುರು ವಾಹನ ಬಂದಾಗ ತಗ್ಗಿಸಿದ ಬೈಕಿನ ದೀಪವು ಧೂಳು ಮೆತ್ತಿದ ರವದಿಯ ರಾಶಿಯನ್ನು ನಲವತ್ತು ಐವತ್ತು ಮೀಟರಿನಾಚೆ ತೋರಿಸಲಾರದು. ಆದುದರಿಂದ ಹಿಂದೆ ದೀಪವಿಲ್ಲದೆ ಕೆಟ್ಟು ನಿಂತ ಟ್ರೇಲರು ೭೨ರ ವೇಗದವನಿಗೆ ಕಾಣುವ ಹೊತ್ತಿಗೆ ನಿಲ್ಲುವ ಅವಕಾಶವೇ ಕಳೆದುಹೋಗಿರುತ್ತದೆ. ಅಲ್ಲಿ ಚಾತುರ್ಯವೂ ನಡೆಯದು, ಅನುಭವವೂ ನಡೆಯದು.

ನಮ್ಮ ಶಾಲೆಯಲ್ಲಿ ಕಲಿತು ಸೋಲಾಪುರದಲ್ಲಿ ಕೆಲಸಕ್ಕಿದ್ದ ತರುಣನೊಬ್ಬನಿಗೆ ಒದಗಿದುದು ಇದೇ. ರಾತ್ರಿ ಪಾಳಿ ಮುಗಿಸಿ ಬರುವಾಗ, ಗಾಲಿ ಒಡೆದು ರಸ್ತೆಯಲ್ಲೇ ನಿಂತಿದ್ದ ಟ್ರೇಲರಿಗೆ ಅವನ ಬೈಕು ಬಡಿಯಿತು. ತಲೆಯಲ್ಲಿ ಹೆಲ್ಮೆಟ್ಟಿದ್ದುದರಿಂದ ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ. ಮರುದಿನ ತಿಳಿದುಬಂದ ಸಂಗತಿಯೊಂದು ಊರನ್ನೇ ಮೌನವಾಗಿಸಿತು: ಆ ಟ್ರೇಲರಿನಲ್ಲಿದ್ದ ಕಬ್ಬು ಅವನ ಸ್ವಂತ ಸೋದರಮಾವನ ಹೊಲದ್ದು.

ನಾವು ಹೇಳಬೇಕೆಂದಿರುವ ಮಾತು ಇಲ್ಲಿಯೇ ಇದೆ. ಕಬ್ಬಿನ ಗಾಡಿಯನ್ನು ನಾವು ಬೇರೆಯವರದೆಂದು ತಿಳಿದು ಬೈಯುತ್ತೇವೆ. ಚಾಲಕನು ಪರಊರಿನವನು, ತಂಡವು ಪರಜಿಲ್ಲೆಯದು, ಗಾಡಿಯು ಗುತ್ತಿಗೆದಾರನದು ಎಂಬುದು ನಿಜ. ಆದರೆ ಕಬ್ಬು ನಮ್ಮದು. ತೂಕದ ಚೀಟಿ ನಮ್ಮ ಹೆಸರಿಗೆ ಬರುತ್ತದೆ, ಹಣ ನಮ್ಮ ಖಾತೆಗೆ ಬೀಳುತ್ತದೆ. ಹೇರಿದ ಗಾಡಿ ಹೊಲದ ಬದು ದಾಟಿತೆಂದರೆ ತನ್ನ ಹೊಣೆ ತೀರಿತೆಂದು ರೈತನು ಭಾವಿಸಬಾರದು. ಹಿಂದೆ ನಮ್ಮ ಹಿರಿಯರು ರಾತ್ರಿ ಚಕ್ಕಡಿ ಹೂಡಿದರೆ ಅಚ್ಚಿನ ಕೆಳಗೆ ಕಂದೀಲು ತೂಗುಬಿಡುತ್ತಿದ್ದರು. ಅದು ಎತ್ತಿಗೆ ದಾರಿ ತೋರಿಸಲಿಕ್ಕಲ್ಲ. ಬಂಡಿಯೊಂದು ಇಲ್ಲಿದೆಯೆಂದು ಪರರಿಗೆ ತಿಳಿಸಲಿಕ್ಕೆ. ಚಕ್ಕಡಿಯ ಹತ್ತರಷ್ಟು ಭಾರ ಹೊತ್ತ ಟ್ರೇಲರಿಗೆ ಆ ಕಂದೀಲಿನಷ್ಟು ಬೆಳಕೂ ಇಲ್ಲದಿರುವುದು ನಮಗೆ ಶೋಭೆಯಲ್ಲ. ಹಿಂಬದಿಯ ಕೆಂಪು ದೀಪ, ಕೆಂಪು ಪ್ರತಿಫಲಕಗಳ ವಿಧಿಯು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಅಪಾಯವಾಗುವಂತೆ ವಾಹನವನ್ನು ರಸ್ತೆಯಲ್ಲಿ ಬಿಟ್ಟುಹೋಗಕೂಡದೆಂದು ೧೯೮೮ರ ಕಾಯಿದೆ ಹೇಳುತ್ತದೆ. ಕಾನೂನು ಬಂದು ನಮ್ಮ ಹೊಲದಲ್ಲಿ ನಿಲ್ಲುವ ತನಕ ಕಾಯಬೇಕಾಗಿಲ್ಲ. ಗಾಡಿ ಹೊರಡುವ ಮುನ್ನ ರೈತನು ಒಮ್ಮೆ ಅದರ ಹಿಂದೆ ಹೋಗಿ ನಿಲ್ಲಲಿ. ಹೊಳೆಯುವ ಕೆಂಪು ಪಟ್ಟಿ ಇದೆಯೇ, ಇದ್ದರೂ ಕಬ್ಬಿನ ಸೋಗೆ ಅದನ್ನು ಮುಚ್ಚಿದೆಯೇ, ಧೂಳು ಮೆತ್ತಿದೆಯೇ ಎಂದು ನೋಡಲಿ. ಇಲ್ಲದಿದ್ದರೆ ಪೇಟೆಯಲ್ಲಿ ಸಿಗುವ ಪ್ರತಿಫಲಕ ಬಟ್ಟೆಯ ತುಂಡೊಂದನ್ನು ಕಟ್ಟಲಿ. ಕನ್ನಡದ ರೈತ, ಮರಾಠಿಯ ಚಾಲಕ ಎಂಬ ಭೇದ ಕೆಂಪು ಬೆಳಕಿಗಿಲ್ಲ. ಅದರ ಭಾಷೆ ಎಲ್ಲರಿಗೂ ತಿಳಿಯುತ್ತದೆ.

ಚಾಲಕನೂ ಮನುಷ್ಯನೇ ಎಂಬುದನ್ನು ಮರೆಯಬಾರದು. ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ಗಂಟೆಗಟ್ಟಲೆ ಕಾದು, ನಿದ್ದೆಗೆಟ್ಟು ಮರಳುವವನಿಗೆ ಒಂದು ಲೋಟ ಚಹಾ ಕೊಟ್ಟು, ಹಾಡಿನ ಸದ್ದು ತಗ್ಗಿಸೆಂದು ಹೇಳಿದರೆ ಅವನು ಕೇಳುತ್ತಾನೆ, ಬೈದರೆ ಕೇಳುವುದಿಲ್ಲ. ಕೆಟ್ಟ ಗಾಡಿಯ ಗಾಲಿಗೆ ಇಟ್ಟ ಕಲ್ಲುಗಳನ್ನು ಹೊರಡುವಾಗ ಬದಿಗೆ ಎಸೆಯಬೇಕೆಂಬುದನ್ನೂ ಹೇಳಬೇಕು. ಗಾಡಿ ಹೋದ ಮೇಲೆ ಉಳಿಯುವ ಆ ಕಲ್ಲುಗಳೂ, ಉದುರಿ ನುಜ್ಜಾದ ಕಬ್ಬೂ ಬೈಕಿನವನನ್ನು ಕೆಡವಲು ಸಾಕು.

ತಾಯಂದಿರಲ್ಲಿ ಒಂದು ಪ್ರತ್ಯೇಕ ಬಿನ್ನಹ. ಗಾಡಿಯ ಹಿಂದೆ ಓಡಿ ಕಬ್ಬು ಜಗ್ಗುವುದು ಹುಡುಗರಿಗೆ ಆಟವಾಗಿ ಕಾಣುತ್ತದೆ. ಸೈಕಲ್ಲಿನ ಹುಡುಗರು ಒಂದು ಕೈಯಿಂದ ಟ್ರೇಲರನ್ನು ಹಿಡಿದು ಪುಕ್ಕಟೆ ಸವಾರಿ ಮಾಡುತ್ತಾರೆ. ಎರಡು ಟ್ರೇಲರುಗಳ ನಡುವಿನ ಕೊಂಡಿಯ ಬಳಿ ಜಾರಿದ ಮಗುವನ್ನು ಚಾಲಕನು ಕಾಣಲಾರ, ಅದರ ಕೂಗನ್ನು ಕೇಳಲಾರ, ಕೇಳಿದರೂ ಗಾಡಿಯನ್ನು ಒಡನೆ ನಿಲ್ಲಿಸಲಾರ. ನಿಮ್ಮ ಮನೆಗೆ ಕಬ್ಬಿನ ಜಲ್ಲೆ ಬಂದಾಗ ಎಲ್ಲಿಂದ ಬಂತೆಂದು ಕೇಳಿರಿ. ಹೊಲದ ಯಜಮಾನನನ್ನು ಕೇಳಿದರೆ ಮಕ್ಕಳಿಗೆ ಒಂದು ಜಲ್ಲೆ ಇಲ್ಲವೆನ್ನುವವನು ನಮ್ಮ ಸೀಮೆಯಲ್ಲಿಲ್ಲ.

ನಮ್ಮ ಹಬ್ಬಗಳೂ ಇದೇ ಹಂಗಾಮಿನಲ್ಲಿ ಬರುತ್ತವೆ. ಕಾರ್ತಿಕ ಏಕಾದಶಿಗೆ ಪಂಢರಪುರದ ದಾರಿಯಲ್ಲಿ ವಾರಕರಿಗಳು ನಡೆಯುತ್ತಾರೆ. ಎಳ್ಳಮಾಸಿಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೊರಡುತ್ತಾರೆ. ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಜಾತ್ರೆಗೆ ಊರೂರಿನ ಜನ ಸೋಲಾಪುರಕ್ಕೆ ಹರಿಯುತ್ತಾರೆ. ಹಗಲು ಹೊರಟು ಹಗಲಿನಲ್ಲೇ ಮರಳುವಂತೆ ಪ್ರಯಾಣವನ್ನು ಹೊಂದಿಸಿಕೊಂಡರೆ ಒಳಿತು. ಅಪಘಾತ ಕಂಡರೆ ಸಾಕ್ಷಿಯ ತೊಡಕಿಗೆ ಹೆದರಿ ಮುಂದೆ ಸಾಗಬೇಡಿರಿ. ೧೦೮ಕ್ಕೆ ಕರೆ ಮಾಡಿರಿ. ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರನ್ನು ಹೊಣೆಗಾರರನ್ನಾಗಿಸಕೂಡದೆಂಬ ರಕ್ಷಣೆಯು ೨೦೧೯ರ ತಿದ್ದುಪಡಿಯಿಂದ ಕಾನೂನಿನಲ್ಲಿಯೇ ಬಂದಿದೆ.

ಈ ಸಂಚಿಕೆ ನಿಮ್ಮ ಕೈಸೇರುವ ವೇಳೆಗೆ ಯಾರದೋ ಹೊಲದಲ್ಲಿ ಗಾಡಿ ಹೇರುತ್ತಿರಬಹುದು. ಅದು ನಿಮ್ಮದೇ ಆಗಿದ್ದರೆ, ಹೊರಡುವ ಮುನ್ನ ಒಮ್ಮೆ ಅದರ ಹಿಂದೆ ಹೋಗಿ ನಿಂತು ನೋಡಿರಿ.