ನೀಲಿ ಅಲೆಯ ವಿಡಿಯೊ ಸಾಕು, ಮರ್ವಾಯಿ ಪರೀಕ್ಷೆ ಬೇಕು

2020ರ ನವೆಂಬರಿನಲ್ಲಿ ಉಡುಪಿಯ ಮಟ್ಟು, ಪಡುಕೆರೆ ಕಡೆ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದವು. ಜನ ಕಾರು ಮಾಡಿಕೊಂಡು ನೋಡಲು ಹೋದರು, ಟೀವಿಯವರು ವಿಸ್ಮಯ ಅಂದರು. ಹೊಳೆದದ್ದು ನಾಕ್ಟಿಲುಕಾ ಎಂಬ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿ. ಅದರ ಮೈಯಲ್ಲಿ ಅಮೋನಿಯ ತುಂಬಿರುತ್ತದೆ. ಅದು ವಿಪರೀತ ಬೆಳೆದ ಜಾಗದಿಂದ ಮೀನು ದೂರ ಸರಿಯುತ್ತದೆ, ಮೀನುಗಾರನಿಗೆ ಅದು ವಿಸ್ಮಯವಲ್ಲ, ನಷ್ಟ.

ಆದರೆ ಜನರನ್ನು ಕೊಂದ ಪ್ಲಾಂಕ್ಟನ್ ಬೇರೆ. ಅದು ಕಣ್ಣಿಗೆ ಕಾಣಲೇಬೇಕೆಂದಿಲ್ಲ, ಹಾಗಾಗಿ ಕ್ಯಾಮೆರಾಗಳೂ ಬರುವುದಿಲ್ಲ. ಕೆಲವು ಜಾತಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ನರವಿಷ ತಯಾರಿಸುತ್ತವೆ. ಮರ್ವಾಯಿ (ಉತ್ತರ ಕನ್ನಡದವರು ಬಳಚು ಅನ್ನುತ್ತಾರೆ), ನೀಲಿಕಲ್ಲು ಇವೆಲ್ಲ ನೀರು ಸೋಸಿ ಪ್ಲಾಂಕ್ಟನ್ ತಿಂದು ಬದುಕುವಂಥವು. ವಿಷ ಅವುಗಳ ಮಾಂಸದಲ್ಲಿ ಕೂಡಿಕೊಳ್ಳುತ್ತದೆ. ನೋಡಲು, ಮೂಸಲು ಏನೂ ವ್ಯತ್ಯಾಸ ಇರುವುದಿಲ್ಲ.

1983ರಲ್ಲಿ ಮಂಗಳೂರಿಗೆ ಹತ್ತಿರದ ಕುಂಬಳೆಯಲ್ಲಿ ಮರ್ವಾಯಿ ತಿಂದು ಒಬ್ಬ ಹುಡುಗ ಸತ್ತ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ನೀಲಿಕಲ್ಲು ತಿಂದ ಏಳು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು.

"ಚೆನ್ನಾಗಿ ಬೇಯಿಸಿ ತಿಂದರೆ ಏನಾಗಲ್ಲ ಬಿಡಿ" ಅನ್ನುವವರಿಗೆ ಹೇಳುತ್ತೇವೆ: ಈ ವಿಷ ಬೇಯಿಸಿದರೆ ಹೋಗುವುದಿಲ್ಲ. ಹುಣಸೆಹುಳಿಗೂ ಬಗ್ಗುವುದಿಲ್ಲ.

ಹಾಗಂತ ಮರ್ವಾಯಿ ಬಿಡಿ ಅನ್ನುವುದು ನಮ್ಮ ವಾದ ಅಲ್ಲ. ಅಘನಾಶಿನಿಯ ಕೆಸರಿನಲ್ಲಿ ಸೊಂಟದವರೆಗೆ ಇಳಿದು ಬಳಚು ತೆಗೆಯುವ ಹೆಂಗಸರ ಹೊಟ್ಟೆಪಾಡು ಅದು. ಒಂದು ವದಂತಿ ಹಬ್ಬಿದರೆ ಅವರ ವ್ಯಾಪಾರ ವಾರಗಟ್ಟಲೆ ನಿಲ್ಲುತ್ತದೆ. ಪರೀಕ್ಷೆ ಮೊದಲು ಬೇಕಾಗಿರುವುದು ಅವರಿಗೇ. ಒಂದು ಕಿಲೋ ಮಾಂಸದಲ್ಲಿ 0.8 ಮಿಲಿಗ್ರಾಂ ದಾಟಬಾರದು ಎಂಬ ಅಂತರರಾಷ್ಟ್ರೀಯ ಮಿತಿ ಇದೆ. ಯುರೋಪಿಗೆ ಕಳಿಸುವ ಚಿಪ್ಪುಮೀನಿಗೆ ಈ ಲೆಕ್ಕ ಬೇಕು. ಊರ ಸಂತೆಯ ಬುಟ್ಟಿಗೆ ಯಾಕೆ ಬೇಡ? ಊರವರ ನರ ಏನು ಕಬ್ಬಿಣದ್ದೇ?

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಪ್ರತಿ ವರ್ಷ ಮೇ 1ರಿಂದ ಅಕ್ಟೋಬರ್ 31ರವರೆಗೆ ಜನ ತಾವೇ ನೀಲಿಕಲ್ಲು ಕಿತ್ತು ತಿನ್ನುವಂತಿಲ್ಲ. ಅನುಮಾನ ಬಂದರೆ ಕೇಳಲು ಫೋನ್ ನಂಬರೂ ಇದೆ. ನಾವು ಅಷ್ಟು ದೊಡ್ಡದೇನೂ ಕೇಳುತ್ತಿಲ್ಲ. ಮೀನುಗಾರಿಕೆ ಇಲಾಖೆ ಅಳಿವೆಗಳ ಮರ್ವಾಯಿಯನ್ನು ನಿಯಮಿತವಾಗಿ ಪರೀಕ್ಷಿಸಲಿ, ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಮೀನು ಮಾರ್ಕೆಟ್ಟಿನಲ್ಲೂ ಪಂಚಾಯಿತಿಯಲ್ಲೂ ಹಾಕಲಿ.

ಅಲ್ಲಿಯವರೆಗೆ ಇಷ್ಟು ನೆನಪಿಡಿ: ಮರ್ವಾಯಿ ತಿಂದ ಸ್ವಲ್ಪ ಹೊತ್ತಿಗೆ ತುಟಿ, ನಾಲಿಗೆ ಜುಮ್ಮೆಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ಇದಕ್ಕೆ ಪ್ರತಿವಿಷ ಇಲ್ಲ, ಉಸಿರು ನಿಲ್ಲದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಿ, ಏನು ತಿಂದದ್ದು ಎಂದು ಡಾಕ್ಟರಿಗೆ ಮೊದಲೇ ಹೇಳಿ.