ಮಗನ ಕಾರು, ಬೀದಿಯ ಕಿವಿ

ಹೊಸ ಕಾರು ಮನೆಗೆ ಬಂದು ಆರು ತಿಂಗಳು ತುಂಬುವುದರೊಳಗೆ ಅದರ ಸೈಲೆನ್ಸರ್ ಬದಲಿಸುವ ಹಂಬಲ ಇಂದು ಅನೇಕ ಯುವಕರಿಗೆ. ‘ಫ್ರೀ ಫ್ಲೋ’ ಕೊಳವೆ ಹಾಕಿಸಿದರೆ ಕಾರಿನ ವೇಗ ಹೆಚ್ಚುತ್ತದೆ, ಗತ್ತಿನ ಸದ್ದು ಬರುತ್ತದೆ ಎಂಬುದು ಅವರ ವಾದ. ಅದಕ್ಕೆ ಹಣ ಕೇಳಿ ಮಗ ನಿಮ್ಮ ಮುಂದೆ ನಿಂತರೆ ಏನು ಹೇಳುವಿರಿ?

ಸೈಲೆನ್ಸರ್ ಸದ್ದನ್ನು ಅಡಗಿಸುತ್ತದೆ. ಅದಕ್ಕೂ ಮೊದಲು ಬರುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗ ಹೊಗೆಯಲ್ಲಿನ ವಿಷಾನಿಲಗಳನ್ನು ಬಹುಮಟ್ಟಿಗೆ ನಿರಪಾಯಕರವಾಗಿಸುತ್ತದೆ. ಎರಡನ್ನೂ ಕಿತ್ತು ಹಾಕಿಸುವವರಿದ್ದಾರೆ. ಆಗ ಕಾರ್ಬನ್ ಮಾನಾಕ್ಸೈಡ್ ನೇರವಾಗಿ ಬೀದಿಗೆ ಬರುತ್ತದೆ. ಕೊಳವೆಯ ಜೋಡಣೆ ಸಡಿಲವಿದ್ದರೆ ಕಾರಿನೊಳಕ್ಕೂ ನುಸುಳಬಹುದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಪ್ರಯಾಣದಲ್ಲಿ ತಲೆನೋವು, ಓಕರಿಕೆ, ಮಂಪರು ಒಟ್ಟಿಗೆ ಕಾಣಿಸಿಕೊಂಡರೆ ಕೂಡಲೇ ಕಾರಿನಿಂದಿಳಿದು ತೆರೆದ ಗಾಳಿಗೆ ಬನ್ನಿ. ತಡಮಾಡದೆ ವೈದ್ಯರನ್ನು ಕಾಣಿರಿ.

ಇನ್ನು ಕಿವಿಯ ಮಾತು. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು ಎಂಬುದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಂತೆ ಈ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್ ಆದರೆ ಹದಿನೈದೇ ನಿಮಿಷ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸದ್ದಿನ ಕಾರಿನಲ್ಲಿ ದಿನವೂ ಕೂರುವವನ ಕಿವಿಗೇ ಮೊದಲ ಪೆಟ್ಟು ಬೀಳುತ್ತದೆ.

ಆತನಾದರೋ ತಾನೇ ಆರಿಸಿಕೊಂಡವನು. ಬೀದಿಯವರಿಗೆ ಆ ಆಯ್ಕೆಯೂ ಇಲ್ಲ. ನಡುರಾತ್ರಿ ಕಾರು ಗುಡುಗಿ ಹೋದಾಗ ಮಲಗಿದವರು ಏಳದಿದ್ದರೂ ಅವರ ಎದೆಬಡಿತ, ರಕ್ತದೊತ್ತಡ ಏರುತ್ತವೆ. ಹೃದ್ರೋಗಿಗಳಿಗೆ, ಹಸುಗೂಸುಗಳಿಗೆ, ಬಾಣಂತಿಯರಿಗೆ ಕೆಟ್ಟ ನಿದ್ರೆ ಸಣ್ಣ ನಷ್ಟವಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿರುವುದು ಸುಮ್ಮನೆ ಅಲ್ಲ. ಹೊಗೆ, ಸದ್ದಿನ ಮಿತಿ ಮೀರಿದ ವಾಹನ ಓಡಿಸಿದವರಿಗೆ 10,000 ರೂಪಾಯಿವರೆಗೆ ದಂಡ ಹಾಕಲು 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲಿ ಅವಕಾಶವಿದೆ.

ವೇಗದ ಹುಚ್ಚೇ ತಪ್ಪೆಂದಲ್ಲ. ಅದಕ್ಕೆಂದೇ ಚೆನ್ನೈ, ಕೊಯಮತ್ತೂರುಗಳಲ್ಲಿ ರೇಸಿಂಗ್ ಟ್ರ್ಯಾಕುಗಳಿವೆ. ಊರಿನ ಬೀದಿ ಟ್ರ್ಯಾಕ್ ಅಲ್ಲ. ಮಗ ಹಣ ಕೇಳಿದರೆ ಗದರಬೇಡಿ. ಕೂರಿಸಿ ಇಷ್ಟನ್ನೂ ತಿಳಿಸಿ ಹೇಳಿ. ಹಣ ಮಾತ್ರ ಕೊಡಬೇಡಿ. ಈಗಾಗಲೇ ಬದಲಿಸಿದ್ದರೆ, ಕಂಪನಿಯ ಹಳೆಯ ಕೊಳವೆಯನ್ನೇ ಮತ್ತೆ ಹಾಕಿಸಲು ಆ ಹಣ ಕೊಡಿ.